ಅದೇ ಚಿತ್ರ, ಅದೇ ಪದ, ನೋಡುವವರಿಗೆ ಬೇರೆ ಬೇರೆ ಅರ್ಥ: ಸೂಚನಾಪತ್ರದಲ್ಲಿ ಇದನ್ನು ಹಿಡಿಯುವುದು ಹೇಗೆ?

ರೇಖೆಬಣ್ಣ:

ಮಾತ್ರೆಯ ಜೊತೆ ಕೊಡುವ ಒಂದು ಪುಟದ ಸೂಚನಾಪತ್ರದ ಬಗ್ಗೆ ಸಲಹೆ ಬೇಕು. ಪುಟದಲ್ಲಿ ಆರು ಚಿತ್ರ, ಒಂದೊಂದರ ಕೆಳಗೆ ಒಂದೊಂದು ಸಾಲು. ಓದು ಬರುವವರೂ ಬಾರದವರೂ ಬಳಸುವ ಪತ್ರ. ಕರಡನ್ನು ಹತ್ತು ಜನರ ಮುಂದಿಟ್ಟಾಗ ಎರಡು ಕಡೆ ತೊಡಕು ಕಂಡಿದೆ.

ಮೊದಲನೆಯದು, ಗರ್ಭಿಣಿಯ ಆಕೃತಿ, ಸುತ್ತ ಕೆಂಪು ಬಳೆ, ಮೇಲೆ ಅಡ್ಡಗೆರೆ. ಹೇಳಬೇಕಾದ್ದು ‘ಗರ್ಭಿಣಿಯರು ಸೇವಿಸಬಾರದು’. ಕೆಲವರು ಓದಿದ್ದು ‘ಇದನ್ನು ತಿಂದರೆ ಬಸುರಾಗುವುದಿಲ್ಲ’. ಎರಡನೆಯದು, ‘ಎರಡು ಮಾತ್ರೆ ದಿನಕ್ಕೆ ಎರಡು ಬಾರಿ’ ಎಂಬ ಸಾಲು. ಓದು ಬಲ್ಲವರು ತಡವರಿಸದೆ ಓದಿದರು. ದಿನಕ್ಕೆ ಒಟ್ಟು ಎಷ್ಟು ಎಂದು ಕೇಳಿದರೆ ಎರಡು ಎಂದವರೂ ಇದ್ದಾರೆ, ನಾಲ್ಕು ಎಂದವರೂ ಇದ್ದಾರೆ.

ಚಿತ್ರ ಬದಲಿಸಬೇಕೇ, ಸಾಲು ಬದಲಿಸಬೇಕೇ? ಬದಲಿಸಿದ ಮೇಲೆ ಅದು ಸರಿಹೋಯಿತು ಎಂದು ತಿಳಿಯುವ ಕ್ರಮ ಯಾವುದು?

ಅಡ್ಡಗೆರೆ:

ಗರ್ಭಿಣಿಯ ಚಿತ್ರದ ಈ ತೊಡಕು ಹಳೆಯದು, ಅದರಿಂದ ಆದ ಹಾನಿಯೂ ದಾಖಲಾಗಿದೆ. ಥಾಲಿಡೊಮೈಡ್ 1957ರಲ್ಲಿ ಪಶ್ಚಿಮ ಜರ್ಮನಿಯಲ್ಲಿ ಮಾರಾಟಕ್ಕೆ ಬಂತು. ಗರ್ಭಿಣಿಯರು ಅದನ್ನು ಸೇವಿಸಿದ್ದರಿಂದ ಸಾವಿರಾರು ಶಿಶುಗಳು ಕೈಕಾಲು ಸರಿಯಾಗಿ ಬೆಳೆಯದೆ ಹುಟ್ಟಿದವು. 1961ರಲ್ಲಿ ಅದನ್ನು ಅಲ್ಲಿ ಹಿಂತೆಗೆದುಕೊಂಡರು. ಆದರೆ ಕುಷ್ಠರೋಗದ ಒಂದು ಉಪದ್ರವಕ್ಕೆ ಅದು ಒಳ್ಳೆಯ ಮದ್ದು, ಹಾಗಾಗಿ ಬ್ರೆಜಿಲ್‌ನಲ್ಲಿ ಬಳಕೆ ಮುಂದುವರಿಯಿತು. ಅಲ್ಲಿನ ಪೊಟ್ಟಣದ ಮೇಲೆ ನೀವು ಹೇಳಿದಂಥದೇ ಚಿತ್ರವಿತ್ತು. ಅದನ್ನು ಗರ್ಭನಿರೋಧಕವೆಂದೋ ಗರ್ಭಪಾತದ ಮಾತ್ರೆಯೆಂದೋ ಓದಿಕೊಂಡವರಿದ್ದರು. ಯಾರನ್ನು ದೂರವಿಡಲು ಆ ಚಿತ್ರ ಹಾಕಿದರೋ ಅವರನ್ನೇ ಅದು ಹತ್ತಿರ ಕರೆಯಿತು.

ಯಾಕೆ ಹೀಗಾಗುತ್ತದೆ ಎಂದು ತಿಳಿಯಲು ಕನ್ನಡವೇ ಒಳ್ಳೆಯ ಸಾಧನ. ನಮಗೆ ನಿಷೇಧಕ್ಕೆ ಎಷ್ಟು ಪದಗಳಿವೆ ನೋಡಿ: ಇಲ್ಲ, ಅಲ್ಲ, ಬೇಡ, ಬಾರದು, ಕೂಡದು. ‘ಗರ್ಭ ಇಲ್ಲ’, ‘ಗರ್ಭಿಣಿ ಅಲ್ಲ’, ‘ಗರ್ಭ ಬೇಡ’, ‘ಗರ್ಭಿಣಿ ತಿನ್ನಬಾರದು’. ನಾಲ್ಕೂ ಬೇರೆ ಮಾತು. ಅಡ್ಡಗೆರೆ ಈ ನಾಲ್ಕಕ್ಕೂ ಒಂದೇ ಗೆರೆ. ನೋಡುವವರ ಮನಸ್ಸಿನಲ್ಲಿ ಆಗ ಯಾವ ಪ್ರಶ್ನೆ ಇದೆಯೋ ಅದಕ್ಕೆ ಉತ್ತರವಾಗಿ ಅದು ನಿಲ್ಲುತ್ತದೆ. ‘ಇದು ಯಾವುದಕ್ಕೆ ಮಾತ್ರೆ?’ ಎಂದು ಕೇಳಿಕೊಳ್ಳುತ್ತಿರುವವರಿಗೆ ಸಿಗುವ ಉತ್ತರ ‘ಗರ್ಭ ಬೇಡ ಎನ್ನುವವರಿಗೆ’. ಹಾಗೆ ಓದುವುದರಲ್ಲಿ ದಡ್ಡತನವಿಲ್ಲ. ಅವರ ಪ್ರಶ್ನೆಗೆ ಅದು ನೆಟ್ಟಗಿನ ಉತ್ತರ.

ಆದ್ದರಿಂದ ಗೆರೆಯ ಕೆಳಗೆ ವ್ಯಕ್ತಿಯನ್ನಷ್ಟೇ ಇಡಬೇಡಿ, ಕ್ರಿಯೆಯನ್ನು ಇಡಿ. ಗರ್ಭಿಣಿ ಮಾತ್ರೆಯನ್ನು ಬಾಯಿಗೆ ಒಯ್ಯುತ್ತಿರುವ ಪಾರ್ಶ್ವನೋಟ, ಕೈ ಮತ್ತು ಮಾತ್ರೆ ಸ್ಪಷ್ಟವಾಗಿರಲಿ, ಹೊಟ್ಟೆಯೊಳಗೆ ಶಿಶುವಿನ ರೂಪ ಕಾಣಲಿ. ಅಂತರರಾಷ್ಟ್ರೀಯ ಮಾನಕ ಸಂಸ್ಥೆ ಐಎಸ್‌ಒದ 3864ನೇ ಮಾನಕದ ಪ್ರಕಾರ ನಿಷೇಧದ ಗೆರೆ ಎಡಮೇಲಿನಿಂದ ಬಲಕೆಳಕ್ಕೆ 45 ಡಿಗ್ರಿಯಲ್ಲಿ ಇಳಿಯಬೇಕು, ಕೆಂಪು ಭಾಗ ಫಲಕದ ಕನಿಷ್ಠ 35% ಇರಬೇಕು. ಅಷ್ಟು ದಪ್ಪದ ಗೆರೆ ಸಣ್ಣ ಚಿತ್ರದಲ್ಲಿ ಮಾತ್ರೆಯನ್ನೇ ನುಂಗಿಬಿಡುತ್ತದೆ. ಕೈ ಮತ್ತು ಬಾಯಿ ಗೆರೆಯ ಒಂದು ಬದಿಗೆ, ಹೊಟ್ಟೆ ಇನ್ನೊಂದು ಬದಿಗೆ ಬರುವಂತೆ ಆಕೃತಿಯನ್ನು ಸರಿಸಿ.

ಗೆರೆಯಿಲ್ಲದ ಬರಿಯ ಕೆಂಪು ಬಳೆ ಸಾಕು ಎಂದುಕೊಳ್ಳಬೇಡಿ. 1968ರ ವಿಯೆನ್ನಾ ಒಪ್ಪಂದದ ರಸ್ತೆಫಲಕಗಳಲ್ಲಿ ಕೆಂಪು ಬಳೆಯೊಳಗೆ ಸೈಕಲ್ ಇದ್ದರೆ ಸೈಕಲ್‌ಗೆ ಪ್ರವೇಶವಿಲ್ಲ ಎಂದರ್ಥ. ಆ ನಿಯಮ ಕಲಿಯದವರಿಗೆ ಅದು ‘ಇದು ಸೈಕಲ್ ದಾರಿ’ ಎಂದೇ ಕಾಣುತ್ತದೆ.

ಪದಕೋಶ:

ಎರಡನೆಯ ತೊಡಕಿಗೆ ಉತ್ತರ. 2006ರಲ್ಲಿ ಅಮೆರಿಕದಲ್ಲಿ 395 ರೋಗಿಗಳ ಮೇಲೆ ನಡೆದ ಅಧ್ಯಯನದಲ್ಲಿ ಹೆಚ್ಚುಕಡಿಮೆ ಇದೇ ಸಾಲು ಇತ್ತು: ‘ಎರಡು ಮಾತ್ರೆ, ದಿನಕ್ಕೆ ಎರಡು ಬಾರಿ’. ಓದಿನ ಮಟ್ಟ ಕಡಿಮೆ ಇದ್ದವರಲ್ಲಿ 71% ಜನ ಸೂಚನೆಯನ್ನು ಸರಿಯಾಗಿ ಹೇಳಿದರು. ದಿನಕ್ಕೆ ಎಷ್ಟು ಮಾತ್ರೆ ಎಂದು ಎಣಿಸಿ ತೋರಿಸಿ ಎಂದಾಗ ಸರಿಯಾಗಿ ತೋರಿಸಿದವರು 35% ಮಾತ್ರ. ಈ ಎರಡು ಅಂಕೆಗಳ ನಡುವಿನ ಅಂತರವನ್ನೇ ನೀವೂ ಕಂಡಿದ್ದೀರಿ. ‘ಅರ್ಥವಾಯಿತೇ?’ ಎಂದು ಕೇಳಿದರೆ ಅದು ಹೊರಬರುವುದಿಲ್ಲ, ಮಾತ್ರೆಗಳನ್ನು ಕೈಗೆ ಕೊಟ್ಟು ಎಣಿಸಲು ಹೇಳಿದರೆ ಬರುತ್ತದೆ.

ಕನ್ನಡದಲ್ಲಿ ಇದಕ್ಕೆ ಸುಲಭದ ದಾರಿ ಇದೆ: ‘ಎರಡೆರಡು’. ‘ಬೆಳಿಗ್ಗೆ, ರಾತ್ರಿ ಎರಡೆರಡು ಮಾತ್ರೆ’ ಎಂದ ಕೂಡಲೇ ಹಂಚಿಕೆ ಪದದಲ್ಲೇ ಬಂತು. ಇನ್ನೂ ಭದ್ರವಾಗಬೇಕಾದರೆ ಬಿಡಿಸಿ ಬರೆಯಿರಿ: ‘ಬೆಳಿಗ್ಗೆ 2. ರಾತ್ರಿ 2. ಒಂದು ದಿನಕ್ಕೆ ಒಟ್ಟು 4.’ ಒಟ್ಟು ಎಂಬ ಪದ ಬಿಡಬೇಡಿ, ಓದುವವರು ತಮ್ಮ ಲೆಕ್ಕವನ್ನು ಹೋಲಿಸಿಕೊಳ್ಳುವುದು ಅದರ ಜೊತೆಗೆ. ‘ಬಾರಿ’, ‘ಸಲ’, ‘ಡೋಸ್’ ಮೂರನ್ನೂ ಒಂದೇ ಪುಟದಲ್ಲಿ ಬೆರೆಸಿದರೆ ಮೂರೂ ಬೇರೆ ಬೇರೆ ವಿಷಯ ಎಂದು ಭಾವಿಸುವವರಿರುತ್ತಾರೆ. ಶಾಲೆಯ ಪ್ರಬಂಧದಲ್ಲಿ ಪದ ಬದಲಿಸಿ ಬರೆಯುವುದು ಚಂದ, ಸೂಚನೆಯಲ್ಲಿ ಅದು ದೋಷ.

ಇನ್ನು ನಮ್ಮ ಕ್ರಿಯಾಪದಗಳ ವಿಷಯ. ಸೂಚನೆ ಬರೆಯುವವರು ಇವುಗಳ ಒಂದು ಪಟ್ಟಿಯನ್ನು ಗೋಡೆಗೆ ಅಂಟಿಸಿಕೊಳ್ಳಬೇಕು.

‘ಹಾಕು’: ಬಾಗಿಲು ಹಾಕಿದರೆ ಮುಚ್ಚುತ್ತದೆ, ದೀಪ ಹಾಕಿದರೆ ಹೊತ್ತುತ್ತದೆ. ‘ಯಂತ್ರದ ಸ್ವಿಚ್ ಹಾಕಿ, ಮುಚ್ಚಳ ಹಾಕಿ’ ಎಂದು ಬರೆದರೆ ಒಂದೇ ಸಾಲಿನಲ್ಲಿ ಅದೇ ಪದ ಚಾಲೂ ಮಾಡುತ್ತದೆ, ಮುಚ್ಚುತ್ತದೆ.

‘ತೆಗೆ’: ಬಾಗಿಲು ತೆಗೆ ಎಂದರೆ ತೆರೆ. ಕಲ್ಲು ತೆಗೆ ಎಂದರೆ ಅಲ್ಲಿಂದ ಆಚೆ ಹಾಕು. ಫೋಟೋ ತೆಗೆ ಎಂದರೆ ಹೊಸದಾಗಿ ಕ್ಲಿಕ್ಕಿಸು. ಮೊಬೈಲ್ ಆಪ್‌ನಲ್ಲಿ ಈಗಾಗಲೇ ಒಂದು ಫೋಟೋ ಕಾಣುತ್ತಿರುವಾಗ ಕೆಳಗಿನ ಗುಂಡಿಯ ಮೇಲೆ ‘ಫೋಟೋ ತೆಗೆಯಿರಿ’ ಎಂದಿದ್ದರೆ ಅದು ಕ್ಯಾಮೆರಾ ತೆರೆಯುತ್ತದೆಯೋ, ಇರುವ ಫೋಟೋವನ್ನು ಅಳಿಸುತ್ತದೆಯೋ?

‘ಆರಿಸು’: ಆಯ್ದುಕೊಳ್ಳುವುದೂ ಹೌದು, ನಂದಿಸುವುದೂ ಹೌದು. ಮನೆಯ ದೀಪಗಳನ್ನು ಫೋನಿನಿಂದ ನಿಯಂತ್ರಿಸುವ ಆಪ್‌ನಲ್ಲಿ ‘ದೀಪವನ್ನು ಆರಿಸಿ’ ಎಂದು ಬರೆದರೆ ಎರಡು ಓದೂ ಪೂರ್ತಿ ಸರಿ. ಅಲ್ಲಿ ‘ಆಯ್ಕೆ ಮಾಡಿ’ ಎಂದೇ ಹಾಕಬೇಕು, ದೀಪ ನಂದಿಸುವ ಗುಂಡಿಗೆ ‘ನಂದಿಸಿ’ ಅಥವಾ ‘ಆಫ್ ಮಾಡಿ’.

‘ಎಲ್ಲ’ ಜೊತೆ ‘ಇಲ್ಲ’ ಬಂದಾಗಲೂ ಜೋಪಾನ. ‘ಎಲ್ಲರೂ ಬರಲಿಲ್ಲ’ ಎಂದರೆ ಯಾರೂ ಬರಲಿಲ್ಲವೋ, ಕೆಲವರು ಮಾತ್ರ ಬಂದರೋ? ‘ಎಲ್ಲ ಮಾತ್ರೆಗಳನ್ನೂ ಒಟ್ಟಿಗೆ ಸೇವಿಸಬೇಡಿ’ ಎಂಬುದಕ್ಕೂ ಇದೇ ಗತಿ. ‘ಒಂದು ಸಲಕ್ಕೆ ಎರಡೇ ಮಾತ್ರೆ’ ಎಂದರೆ ಮುಗಿಯಿತು.

ಮೂರನೇನೋಟ:

ಪರಿಹಾರಕ್ಕೆ ಇಳಿಯುವ ಮುನ್ನ ಒಂದು ವಿಂಗಡಣೆ ಮಾಡಿಕೊಳ್ಳೋಣ. ‘ಬೇರೆ ಬೇರೆ ಅರ್ಥ’ ಎನ್ನುವುದು ಒಂದೇ ರೋಗವಲ್ಲ, ಕನಿಷ್ಠ ಮೂರು. ಮದ್ದೂ ಬೇರೆ.

ಕಣ್ಣಿನ ಮಟ್ಟದಲ್ಲೇ ಬೇರೆ ಕಾಣುವುದು ಒಂದು. 2015ರ ಫೆಬ್ರವರಿಯಲ್ಲಿ ಇಂಟರ್ನೆಟ್‌ನಲ್ಲಿ ಹರಿದಾಡಿದ, ಒಬ್ಬೊಬ್ಬರಿಗೆ ಒಂದೊಂದು ಬಣ್ಣ ಕಂಡ ಉಡುಪಿನ ಫೋಟೋ ನೆನಪಿರಬಹುದು. ಅದೇ ವರ್ಷ ಪ್ರಕಟವಾದ ಅಧ್ಯಯನದಲ್ಲಿ 1401 ಜನರನ್ನು ಕೇಳಿದಾಗ 57% ನೀಲಿ–ಕಪ್ಪು, 30% ಬಿಳಿ–ಚಿನ್ನ, 11% ನೀಲಿ–ಕಂದು ಎಂದರು. ನಿಜವಾದ ಉಡುಪು ನೀಲಿ–ಕಪ್ಪು. ಫೋಟೋದಲ್ಲಿ ಬೆಳಕು ಎಲ್ಲಿಂದ ಬೀಳುತ್ತಿದೆ ಎಂಬ ಸುಳಿವಿಲ್ಲ. ಮಿದುಳು ತಾನೇ ಒಂದು ಬೆಳಕನ್ನು ಊಹಿಸಿ ಅದನ್ನು ಬಣ್ಣದಿಂದ ಕಳೆಯುತ್ತದೆ. ನೆರಳೆಂದು ಊಹಿಸಿದವರಿಗೆ ಬಿಳಿ, ಬಿಸಿಲೆಂದು ಊಹಿಸಿದವರಿಗೆ ನೀಲಿ. ವಾದ ಮಾಡಿ ಇದನ್ನು ಬದಲಿಸಲು ಆಗುವುದಿಲ್ಲ. ಇದಕ್ಕೆ ಮದ್ದು ಚಿತ್ರದ ಒಳಗೇ ಇದೆ: ಬಿಳಿ ಹಿನ್ನೆಲೆ, ಹೋಲಿಕೆಗೆ ಗೊತ್ತಿರುವ ಬಣ್ಣದ ವಸ್ತು, ಗಟ್ಟಿ ಹೊರಗೆರೆ. ಮಾತ್ರೆಯನ್ನು ಬಣ್ಣದಿಂದ ಮಾತ್ರ ಗುರುತಿಸುವಂತೆ ಬಿಡಬೇಡಿ, ಆಕಾರವನ್ನೂ ಅದರ ಮೇಲೆ ಕೊರೆದ ಅಕ್ಷರವನ್ನೂ ತೋರಿಸಿ. ಉತ್ತರ ಯುರೋಪ್ ಮೂಲದ ಗಂಡಸರಲ್ಲಿ ಸುಮಾರು 8% ಜನರಿಗೆ ಕೆಂಪು–ಹಸಿರು ಗುರುತಿಸುವುದು ಕಷ್ಟ. ಬೇರೆ ಜನಸಮುದಾಯಗಳಲ್ಲಿ ಪ್ರಮಾಣ ಹೆಚ್ಚುಕಡಿಮೆಯಾದರೂ ಶೂನ್ಯವಲ್ಲ.

ಕಾಣುವುದು ಒಂದೇ, ಹೆಸರಿಸುವುದು ಬೇರೆ: ಇದು ಎರಡನೆಯದು. ಗೆರೆಗಳು ಎಲ್ಲರಿಗೂ ಒಂದೇ. 1892ರಲ್ಲಿ ಜರ್ಮನ್ ಪತ್ರಿಕೆಯೊಂದರಲ್ಲಿ ಅಚ್ಚಾದ ಬಾತುಕೋಳಿ–ಮೊಲದ ಚಿತ್ರ ಇದರ ಹಳೆಯ ಮಾದರಿ. ಕೊಕ್ಕೆಂದು ಕಂಡದ್ದೇ ಕಿವಿ. ಇಲ್ಲಿ ಒಂದು ಪದ ಸೇರಿಸಿದರೆ ಓದು ಒಂದು ಕಡೆ ವಾಲುತ್ತದೆ.

ಹೆಸರೂ ಒಂದೇ, ಮುಂದೆ ಏನು ಮಾಡಬೇಕು ಎಂಬುದು ಬೇರೆ: ಇದು ಮೂರನೆಯದು. ಗರ್ಭಿಣಿ ಎಂದು ಎಲ್ಲರೂ ಗುರುತಿಸಿದರು, ಗೆರೆ ಎಂದರೆ ನಿಷೇಧ ಎಂದೂ ಎಲ್ಲರಿಗೂ ಗೊತ್ತು. ಒಡಕು ಬಂದದ್ದು ಅದರ ನಂತರ. ‘ಇದು ಏನು?’ ಎಂದಷ್ಟೇ ಕೇಳುವ ಪರೀಕ್ಷೆಯಲ್ಲಿ ಈ ಚಿತ್ರ ಪಾಸಾಗಿಬಿಡುತ್ತದೆ, ಆದ್ದರಿಂದಲೇ ಇದು ಹೆಚ್ಚು ಅಪಾಯ.

ಸಂಕಲನ:

ಪುಟದಲ್ಲಿ ಆರು ಚಿತ್ರ ಅಂದಿರಿ. ಒಂದೊಂದನ್ನೇ ತೋರಿಸಿ ಪರೀಕ್ಷಿಸಿದರೆ ಸಾಲದು, ಪಕ್ಕದ ಚಿತ್ರವೂ ಅರ್ಥ ಬದಲಿಸುತ್ತದೆ. ಸೋವಿಯತ್ ಸಿನಿಮಾದ ಲೆವ್ ಕುಲೆಶೋವ್ ಹೆಸರಿನಲ್ಲಿ ಪ್ರಸಿದ್ಧವಾದ ಪ್ರಯೋಗ ಇದೇ. ನಟ ಮೊಸ್ಜುಖಿನ್‌ನ ಭಾವವಿಲ್ಲದ ಒಂದೇ ಮುಖ, ಅದರ ಪಕ್ಕಕ್ಕೆ ಒಮ್ಮೆ ಸೂಪಿನ ಬಟ್ಟಲು, ಒಮ್ಮೆ ಶವಪೆಟ್ಟಿಗೆಯಲ್ಲಿ ಮಗು, ಒಮ್ಮೆ ಒರಗಿ ಕೂತ ಹೆಣ್ಣು. ನೋಡಿದವರು ಹಸಿವು, ದುಃಖ, ಆಸೆ ಮೂರನ್ನೂ ಆ ಮುಖದಲ್ಲಿ ಕಂಡರು ಎಂಬುದು ವರದಿ. ಆ ಮೂಲ ತುಣುಕು ಉಳಿದಿಲ್ಲ. 1992ರ ಮರುಪ್ರಯೋಗದಲ್ಲಿ ಪರಿಣಾಮ ಕಾಣಲಿಲ್ಲ, 2006ರ ಪ್ರಯೋಗದಲ್ಲಿ ಕಂಡಿತು. ಹಾಗಾಗಿ ಅದನ್ನು ಅಟಲ ನಿಯಮವೆಂದು ಹಿಡಿಯುವುದು ಬೇಡ. ಪುಟ ಜೋಡಿಸುವವರಿಗೆ ಅದು ಎಚ್ಚರಿಕೆ, ಅಷ್ಟು ಸಾಕು.

ನಿಮ್ಮ ಪುಟದಲ್ಲಿ ಗರ್ಭಿಣಿಯ ಚಿತ್ರದ ಪಕ್ಕದಲ್ಲೇ ‘ದಿನಕ್ಕೆ ಇಷ್ಟು ಮಾತ್ರೆ’ ಎಂಬ ಚಿತ್ರವಿದ್ದರೆ ಎರಡೂ ಒಂದೇ ಸಾಲಿನ ಎರಡು ಮೆಟ್ಟಿಲಾಗುತ್ತವೆ: ಗರ್ಭ ಬೇಡವೇ, ಇಷ್ಟು ಮಾತ್ರೆ ತಿನ್ನಿ. ‘ಮಾಡಬೇಕಾದ್ದು’ ಮತ್ತು ‘ಮಾಡಬಾರದ್ದು’ ನಡುವೆ ದಪ್ಪ ಗೆರೆ, ಬೇರೆ ಹಿನ್ನೆಲೆ, ಸಾಧ್ಯವಾದರೆ ಕಾಗದದ ಬೇರೆ ಬದಿ.

ಓದುವ ದಿಕ್ಕನ್ನೂ ಮರೆಯಬಾರದು. ಅಕ್ಷರ ಕಲಿತವರ ಕಣ್ಣು ತಮ್ಮ ಲಿಪಿಯ ದಿಕ್ಕಿನಲ್ಲಿ ಹೋಗುತ್ತದೆ. ಅರೇಬಿಕ್, ಉರ್ದು ಓದುವವರಿಗೆ ಬಲದ ಚಿತ್ರ ಮೊದಲು. ‘ನೋವು – ಮಾತ್ರೆ – ನಗು’ ಎಂಬ ಮೂರು ಚಿತ್ರವನ್ನು ತಿರುವಿ ಓದಿದರೆ ನಗುತ್ತಿದ್ದವರಿಗೆ ಮಾತ್ರೆ ತಿಂದ ಮೇಲೆ ನೋವು. ಅಕ್ಷರ ಕಲಿಯದವರಿಗೆ ಯಾವ ದಿಕ್ಕೂ ರೂಢಿಯಲ್ಲಿಲ್ಲ. ಚಿತ್ರಗಳನ್ನು ಅಡ್ಡಕ್ಕೆ ಜೋಡಿಸುವ ಬದಲು ಮೇಲಿನಿಂದ ಕೆಳಕ್ಕೆ ಜೋಡಿಸಿ, ಪ್ರತಿಯೊಂದಕ್ಕೂ ದೊಡ್ಡ ಅಂಕೆ ಕೊಡಿ.

ಅಡ್ಡಗೆರೆ:

ಬಾಣದ ಗುರುತೂ ಕಲಿತದ್ದೇ. 1972ರ ಪಯನಿಯರ್ ಬಾಹ್ಯಾಕಾಶ ನೌಕೆಯಲ್ಲಿ ಬೇರೆ ಲೋಕದವರಿಗೆಂದು ಕಳಿಸಿದ ಫಲಕದಲ್ಲಿ ನೌಕೆಯ ದಾರಿಯನ್ನು ಬಾಣದಿಂದ ತೋರಿಸಿದ್ದರು. ಬಿಲ್ಲುಬಾಣ ಕಾಣದವರಿಗೆ ಅದು ದಿಕ್ಕು ಎಂದು ಹೇಗೆ ತಿಳಿಯಬೇಕು ಎಂದು ಕಲಾ ಇತಿಹಾಸಕಾರ ಗೊಂಬ್ರಿಕ್ ಅದೇ ವರ್ಷ ಕೇಳಿದರು.

ಕಿರುಟಿಪ್ಪಣಿ:

‘ಪದ ಸೇರಿಸಿದರೆ ಓದು ವಾಲುತ್ತದೆ’ ಎಂದು ಮೂರನೇನೋಟ ಬರೆದಿದ್ದಾರೆ. ಎಷ್ಟು ವಾಲುತ್ತದೆ ಎಂಬುದಕ್ಕೆ ಎರಡು ಪ್ರಯೋಗ.

1932ರಲ್ಲಿ ಕಾರ್ಮೈಕೇಲ್, ಹೋಗನ್, ವಾಲ್ಟರ್ ಎಂಬವರು 12 ಅಸ್ಪಷ್ಟ ಆಕೃತಿಗಳನ್ನು ತೋರಿಸಿದರು. ಗೆರೆಯಿಂದ ಜೋಡಿಸಿದ ಎರಡು ವೃತ್ತಕ್ಕೆ ಒಂದು ಗುಂಪಿನಲ್ಲಿ ‘ಕನ್ನಡಕ’ ಎಂಬ ಹೆಸರು, ಇನ್ನೊಂದರಲ್ಲಿ ವ್ಯಾಯಾಮದ ‘ಡಂಬೆಲ್’. ನೆನಪಿನಿಂದ ಬರೆಯಲು ಹೇಳಿದಾಗ ಮೊದಲ ಗುಂಪಿನವರ ಗೆರೆ ಕನ್ನಡಕದ ಸೇತುವೆಯಂತೆ ಬಾಗಿತು, ಎರಡನೆಯವರದು ಹಿಡಿಯಂತೆ ದಪ್ಪವಾಯಿತು. ಹೆಸರು ನೆನಪಿನೊಳಗೆ ಹೋಗಿ ಚಿತ್ರವನ್ನೇ ತಿದ್ದಿತು.

1974ರಲ್ಲಿ ಲಾಫ್ಟಸ್ ಮತ್ತು ಪಾಮರ್ ಕಾರು ಅಪಘಾತದ ಚಿತ್ರಣ ತೋರಿಸಿ ವೇಗ ಎಷ್ಟಿತ್ತು ಎಂದು ಕೇಳಿದರು. ‘ಅಪ್ಪಳಿಸಿದಾಗ’ ಎಂದು ಕೇಳಿದವರಿಗೆ ಸಿಕ್ಕ ಸರಾಸರಿ ಉತ್ತರ ಗಂಟೆಗೆ 40 ಮೈಲಿಗಿಂತ ತುಸು ಹೆಚ್ಚು, ‘ತಾಗಿದಾಗ’ ಎಂದು ಕೇಳಿದವರಿಗೆ 31.8. ವಾರದ ನಂತರ ಒಡೆದ ಗಾಜು ಕಂಡಿರಾ ಎಂದು ಇನ್ನೊಂದು ತಂಡವನ್ನು ಕೇಳಿದಾಗ ‘ಅಪ್ಪಳಿಸಿದ’ ಗುಂಪಿನ 50ರಲ್ಲಿ 16 ಜನ ಹೌದೆಂದರು, ‘ಡಿಕ್ಕಿ ಹೊಡೆದ’ ಗುಂಪಿನಲ್ಲಿ 7. ತೋರಿಸಿದ್ದರಲ್ಲಿ ಒಡೆದ ಗಾಜೇ ಇರಲಿಲ್ಲ.

ರೇಖೆಬಣ್ಣ ಅವರೇ, ಇದರಿಂದ ನಿಮಗೆ ಎರಡು ಪಾಠ. ಚಿತ್ರದ ಕೆಳಗಿನ ಸಾಲನ್ನು ಕೊನೆಗೆ ತುಂಬುವ ಖಾಲಿ ಜಾಗ ಎಂದುಕೊಳ್ಳಬೇಡಿ. ಮತ್ತೆ, ಪರೀಕ್ಷೆಯ ಹೊತ್ತಿನಲ್ಲಿ ನೀವು ಕೇಳುವ ಪ್ರಶ್ನೆಯೂ ಒಂದು ಶೀರ್ಷಿಕೆಯೇ. ‘ಈ ಎಚ್ಚರಿಕೆಯ ಚಿತ್ರ ಏನು ಹೇಳುತ್ತಿದೆ?’ ಎಂದು ಕೇಳಿದರೆ ‘ಎಚ್ಚರಿಕೆ’ ಎಂಬ ಅರ್ಧ ಉತ್ತರ ಕೊಟ್ಟಾಯಿತು.

ಪರೀಕ್ಷಾವಿಧಿ:

ಹಾಗಾದರೆ ಪರೀಕ್ಷೆಯನ್ನು ಬಿಡಿಸಿ ಬರೆಯುತ್ತೇನೆ. ಚಿತ್ರಸಂಕೇತ ಪರೀಕ್ಷೆಗೆ ಐಎಸ್‌ಒ 9186 ಎಂಬ ಮಾನಕವಿದೆ, ಅಮೆರಿಕದಲ್ಲಿ ಅಲ್ಲಿನ ರಾಷ್ಟ್ರೀಯ ಮಾನಕ ಸಂಸ್ಥೆ ಆನ್ಸಿಯ ಝಡ್ 535.3. ಆನ್ಸಿಯ ಅಳತೆ ಬಿಗಿ: ಕನಿಷ್ಠ 50 ಜನ, 85% ಸರಿಯುತ್ತರ, ‘ಅಪಾಯದ ತಪ್ಪು’ 5% ಮೀರಬಾರದು. ಐಎಸ್‌ಒ ಕಡೆ ರೂಢಿಯಲ್ಲಿರುವ ಗಡಿ ಸುಮಾರು ಮೂರರಲ್ಲಿ ಎರಡು ಪಾಲು. ಅಪಾಯದ ತಪ್ಪು ಎಂದರೆ ಹೇಳಬೇಕಾದ್ದಕ್ಕೆ ಉಲ್ಟಾ ಓದು, ಅಥವಾ ಹಾಗೆ ಓದಿ ನಡೆದರೆ ಹಾನಿಯಾಗುವ ಓದು. ನಿಮ್ಮ ಗರ್ಭಿಣಿಯ ಚಿತ್ರದಲ್ಲಿ ಬಂದದ್ದು ಅದೇ. ‘ಗೊತ್ತಿಲ್ಲ’ ಎಂದವರು ಇನ್ನೊಬ್ಬರನ್ನು ಕೇಳಬಹುದು, ತಪ್ಪನ್ನು ಖಚಿತವಾಗಿ ನಂಬಿದವರು ಕೇಳುವುದಿಲ್ಲ. ಆದ್ದರಿಂದ 90% ಸರಿ ಮತ್ತು 8% ಉಲ್ಟಾ ಇರುವ ಚಿತ್ರವನ್ನು ಬಿಟ್ಟು, 86% ಸರಿ, 1% ಉಲ್ಟಾ, ಉಳಿದವರು ‘ಗೊತ್ತಿಲ್ಲ’ ಎಂದ ಚಿತ್ರವನ್ನು ಆರಿಸಿಕೊಳ್ಳಿ. (ಪದಕೋಶ ಅವರು ಹೇಳಿದ ಮೊದಲ ಅರ್ಥದ ‘ಆರಿಸು’.)

ಕ್ರಮ ಹೀಗೆ. ಚಿತ್ರ ಅಚ್ಚಾಗುವಷ್ಟೇ ಅಳತೆಯಲ್ಲಿ ಮುದ್ರಿಸಿ. ಪರದೆಯ ಮೇಲೆ ಹಿಗ್ಗಿಸಿ ತೋರಿಸಿದ ಚಿತ್ರದ ಫಲಿತಾಂಶಕ್ಕೆ ಬೆಲೆಯಿಲ್ಲ. ಕೆಳಗಿನ ಸಾಲನ್ನು ಮುಚ್ಚಿ. ಚಿತ್ರ ಎಲ್ಲಿ ಕಾಣಸಿಗುತ್ತದೆ ಎಂಬುದನ್ನು ಮಾತ್ರ ತಿಳಿಸಿ: ‘ಇದು ಮಾತ್ರೆಯ ಜೊತೆ ಬರುವ ಕಾಗದದ ಮೇಲಿದೆ.’ ಆಮೇಲೆ ಎರಡು ಪ್ರಶ್ನೆ: ‘ಇದು ಏನು ಹೇಳುತ್ತಿದೆ ಅನಿಸುತ್ತದೆ?’, ‘ಇದನ್ನು ನೋಡಿ ನೀವು ಏನು ಮಾಡುತ್ತೀರಿ?’ ಉತ್ತರವನ್ನು ಅವರ ಮಾತಿನಲ್ಲೇ ಬರೆದುಕೊಳ್ಳಿ, ನಿಮ್ಮ ಭಾಷೆಗೆ ತಿದ್ದಬೇಡಿ. ನಾಲ್ಕು ಆಯ್ಕೆ ಕೊಟ್ಟು ಒಂದನ್ನು ಗುರುತಿಸಿ ಎನ್ನುವ ಪರೀಕ್ಷೆ ಬೇಡವೇ ಬೇಡ. ತಪ್ಪು ಆಯ್ಕೆಗಳು ಪೇಲವವಾಗಿದ್ದರೆ ಕೆಟ್ಟ ಚಿತ್ರವೂ ಗೆಲ್ಲುತ್ತದೆ, ಮತ್ತು ನಿಮ್ಮ ತಲೆಗೆ ಹೊಳೆಯದ ತಪ್ಪು ಓದು ಅಲ್ಲಿ ಎಂದಿಗೂ ಸಿಗುವುದಿಲ್ಲ.

ಒಂದೇ ಸಂಗತಿಯ ಎರಡು ಚಿತ್ರಗಳನ್ನು ಒಬ್ಬರಿಗೇ ತೋರಿಸಬೇಡಿ, ಮೊದಲನೆಯದು ಎರಡನೆಯದಕ್ಕೆ ಪಾಠ ಹೇಳಿಬಿಡುತ್ತದೆ. ಚಿತ್ರಗಳ ಸರದಿಯನ್ನು ಪ್ರತಿಯೊಬ್ಬರಿಗೂ ಕಲಸಿ. ಉತ್ತರಗಳನ್ನು ಸರಿ, ಅರ್ಧ ಸರಿ, ತಪ್ಪು, ಉಲ್ಟಾ, ಗೊತ್ತಿಲ್ಲ ಎಂದು ಇಬ್ಬರು ಬೇರೆ ಬೇರೆ ಕೂತು ವಿಂಗಡಿಸಲಿ, ಅವರಲ್ಲಿ ಒಬ್ಬರಾದರೂ ಚಿತ್ರ ಬರೆಯದವರಾಗಿರಬೇಕು. ಬರೆದವರಿಗೆ ಪ್ರತಿ ಅರ್ಧ ಉತ್ತರವೂ ಸರಿಯುತ್ತರವಾಗಿ ಕಾಣುತ್ತದೆ.

ಇದು ಮುಗಿದ ಮೇಲೆ ಬೇರೆ ಗುಂಪಿಗೆ ಸಾಲನ್ನು ಮಾತ್ರ ಓದಿ ಹೇಳಿ, ಮೂರನೇ ಗುಂಪಿಗೆ ಚಿತ್ರ ಮತ್ತು ಸಾಲು ಎರಡನ್ನೂ ಕೊಡಿ. ಎರಡೂ ಸೇರಿದಾಗ ಉಲ್ಟಾ ಓದು ಕಡಿಮೆಯಾಗದಿದ್ದರೆ, ಜನ ಚಿತ್ರ ನೋಡಿ ಸಾಲನ್ನು ಬಿಡುತ್ತಿದ್ದಾರೆ ಎಂದರ್ಥ. ಆಗ ಸಾಲನ್ನು ಎಷ್ಟು ತಿದ್ದಿದರೂ ಪ್ರಯೋಜನವಿಲ್ಲ, ಚಿತ್ರವನ್ನೇ ಬದಲಿಸಬೇಕು.

ರೇಖೆಬಣ್ಣ:

ತುಂಬ ಉಪಕಾರವಾಯಿತು. 50 ಜನ ಒಟ್ಟಿಗೆ ಸಿಗುವುದು ಕಷ್ಟ. ಹತ್ತು ಹತ್ತರಂತೆ ಮಾಡಿದರೆ ಏನು ತಪ್ಪಿಹೋಗುತ್ತದೆ? ಇನ್ನೊಂದು, ಔಷಧಗಳಿಗೆ ಮಾನಕ ರೂಪಿಸುವ ಅಮೆರಿಕದ ಯುಎಸ್‌ಪಿ ಸಂಸ್ಥೆಯ 81 ಔಷಧಚಿತ್ರಗಳ ಸಿದ್ಧ ಸೆಟ್ ಇದೆಯಲ್ಲ, ಅದನ್ನೇ ಎತ್ತಿಕೊಂಡರೆ ಆಗದೇ?

ಪರೀಕ್ಷಾವಿಧಿ:

ಲೆಕ್ಕ ಹಾಕಿಯೇ ಹೇಳಬಹುದು. ಒಂದು ತಪ್ಪು ಓದು ನೂರಕ್ಕೆ 20 ಜನರಲ್ಲಿದ್ದರೆ, ಹತ್ತು ಜನರನ್ನು ಕೇಳಿದಾಗ ಅದು ಒಮ್ಮೆಯಾದರೂ ಕಾಣುವ ಸಾಧ್ಯತೆ 89%. ನೂರಕ್ಕೆ 5 ಜನರಲ್ಲಿದ್ದರೆ ಹತ್ತು ಜನರಲ್ಲಿ ಅದು ಕಾಣುವ ಸಾಧ್ಯತೆ 40% ಮಾತ್ರ, 30 ಜನರಲ್ಲಿ 79%, 50 ಜನರಲ್ಲಿ 92%. ಆದ್ದರಿಂದ ಹತ್ತು ಜನರ ಸುತ್ತು ದೊಡ್ಡ ದೋಷ ಹಿಡಿಯಲು ಒಳ್ಳೆಯದು. ತಿದ್ದಿ, ಹೊಸ ಹತ್ತು ಜನ, ಮತ್ತೆ ತಿದ್ದಿ, ಮತ್ತೆ ಹೊಸ ಹತ್ತು. ಚಿತ್ರ ನಿಂತ ಮೇಲೆ, ಅದನ್ನು ಇನ್ನು ಮುಟ್ಟದೆ, 50 ಜನ. ಮೂರು ಸುತ್ತಿನ 30 ಜನರನ್ನು ಕೂಡಿ ‘30 ಜನರ ಪರೀಕ್ಷೆ’ ಎಂದು ಬರೆಯಬೇಡಿ. ಅವರು ನೋಡಿದ್ದು ಮೂರು ಬೇರೆ ಚಿತ್ರ.

ಯುಎಸ್‌ಪಿ ಸೆಟ್ಟನ್ನು ಮೊದಲ ಕರಡಾಗಿ ಬಳಸಿ, ಪರೀಕ್ಷೆ ಬಿಡಬೇಡಿ. ದಕ್ಷಿಣ ಆಫ್ರಿಕಾದಲ್ಲಿ 2001ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 23 ಯುಎಸ್‌ಪಿ ಚಿತ್ರಗಳನ್ನು ಅಲ್ಲಿಯ ಬಳಕೆದಾರರ ಜೊತೆ ಕೂತು ಬರೆದ ಚಿತ್ರಗಳ ಎದುರು ಇಟ್ಟರು. ಜೊತೆ ಕೂತು ಬರೆದವು ಮೇಲುಗೈ ಸಾಧಿಸಿದವು.

ಬಿಡಿಚಿಹ್ನೆ:

ಇಲ್ಲಿ ಎಲ್ಲರೂ ‘ನೋಡಿದ ಕೂಡಲೇ ತಿಳಿಯಬೇಕು’ ಎಂದು ಹಿಡಿದಿದ್ದೀರಿ. ಅದಕ್ಕೆ ಎದುರಾದ ದಾರಿಯೂ ಇದೆ. ಜೈವಿಕ ಅಪಾಯದ ಚಿಹ್ನೆಯನ್ನು 1966ರಲ್ಲಿ ಅಮೆರಿಕದ ರಾಸಾಯನಿಕ ಕಂಪನಿ ಡೌ ಕೆಮಿಕಲ್‌ನಲ್ಲಿ ಚಾರ್ಲ್ಸ್ ಬಾಲ್ಡ್ವಿನ್ ಮತ್ತು ಸಂಗಡಿಗರು ರೂಪಿಸಿದಾಗ ಬೇಕೆಂದೇ ಏನೂ ಅರ್ಥವಿಲ್ಲದ, ಆದರೆ ಮರೆಯಲಾಗದ ಆಕಾರ ಹುಡುಕಿದರು. ಜನರಿಗೆ ಹಲವು ಚಿಹ್ನೆ ತೋರಿಸಿ, ಯಾವುದಕ್ಕೆ ಅತಿ ಕಡಿಮೆ ಅರ್ಥ ಹೊಳೆಯುತ್ತದೆ, ಯಾವುದು ಹೆಚ್ಚು ನೆನಪುಳಿಯುತ್ತದೆ ಎಂದು ನೋಡಿ ಆಯ್ದರು. ಹಳೆಯ ಅರ್ಥವೇ ಇಲ್ಲದಿದ್ದರೆ ತಪ್ಪು ಅರ್ಥವೂ ಇರುವುದಿಲ್ಲ. ಕಲಿಸಿದ್ದೊಂದೇ ಅರ್ಥ. ತಲೆಬುರುಡೆಯ ಗತಿ ನೋಡಿ: ದೊಡ್ಡವರಿಗೆ ವಿಷ, ಮಕ್ಕಳಿಗೆ ಕಡಲುಗಳ್ಳರ ಆಟ. ಅದಕ್ಕೇ 1971ರಲ್ಲಿ ಪಿಟ್ಸ್‌ಬರ್ಗ್‌ನಲ್ಲಿ ವಿಷದ ಬಾಟಲಿಗೆ ನಾಲಿಗೆ ಚಾಚಿದ ಹಸಿರು ಮುಖ ‘ಮಿಸ್ಟರ್ ಯಕ್’ ಬಂತು.

ಅಡ್ಡಗೆರೆ:

ಬಿಡಿಚಿಹ್ನೆ ಅವರೇ, ಆ ದಾರಿ ಪ್ರಯೋಗಾಲಯಕ್ಕೆ ಸರಿ. ಅಲ್ಲಿ ಒಳಗೆ ಬರುವ ಪ್ರತಿಯೊಬ್ಬರಿಗೂ ತರಬೇತಿ ಇದೆ. ತರಬೇತಿ ಇಲ್ಲದವರ ಕೈಗೆ ಹೋದಾಗ ಏನಾಗುತ್ತದೆ ಎಂಬುದಕ್ಕೆ ವಿಕಿರಣದ ಮೂರೆಸಳಿನ ಚಿಹ್ನೆಯೇ ಸಾಕ್ಷಿ. 1946ರಲ್ಲಿ ಬರ್ಕ್ಲಿಯ ಪ್ರಯೋಗಾಲಯದಲ್ಲಿ ಹುಟ್ಟಿದ ಅದು ಹೊರಗಿನವರಿಗೆ ಪಂಖದಂತೆಯೋ ಹೂವಿನಂತೆಯೋ ಕಾಣುತ್ತದೆ. 2000ದಲ್ಲಿ ಥಾಯ್ಲೆಂಡ್‌ನ ಸಮುತ್ ಪ್ರಕಾನ್‌ನಲ್ಲಿ ಗುಜರಿಗೆ ಬಂದ, ಕೋಬಾಲ್ಟ್-60 ಎಂಬ ವಿಕಿರಣ ವಸ್ತುವಿದ್ದ ಉಪಕರಣವನ್ನು ಬಿಚ್ಚಿದರು, ಮೂವರು ಸತ್ತರು. ಅಲ್ಲಿ ಆ ಚಿಹ್ನೆ ಯಾರನ್ನೂ ತಡೆಯಲಿಲ್ಲ. 2007ರಲ್ಲಿ ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆ ಮತ್ತು ಐಎಸ್‌ಒ ಹೆಚ್ಚುವರಿ ಚಿಹ್ನೆ ತಂದವು: ಕೆಂಪು ತ್ರಿಕೋನ, ಮೇಲೆ ಕಿರಣ ಸೂಸುವ ಮೂರೆಸಳು, ಕೆಳಗೆ ತಲೆಬುರುಡೆ, ಓಡುವ ಮನುಷ್ಯ, ಬಾಣ. ಅದನ್ನು 11 ದೇಶಗಳ 1650 ಜನರಲ್ಲಿ ಪರೀಕ್ಷಿಸಿದ್ದರು. ಗಮನಿಸಿ, ಹಳೆಯ ಚಿಹ್ನೆಯನ್ನು ತೆಗೆದುಹಾಕಲಿಲ್ಲ, ಅದರ ಜೊತೆಗೆ ‘ಏನಾಗುತ್ತದೆ, ಏನು ಮಾಡಬೇಕು’ ಎಂಬುದನ್ನು ಸೇರಿಸಿದರು. ಮತ್ತೆ, ಅದನ್ನು ಉಪಕರಣದ ಹೊರಮೈ ಮೇಲೆ ಹಾಕುವುದಿಲ್ಲ. ಬಿಚ್ಚಲು ಹೊರಟವರಿಗೆ ಮಾತ್ರ ಕಾಣುವಂತೆ ಒಳಗೆ, ಅಪಾಯದ ಮೂಲದ ಹತ್ತಿರ ಹಾಕುತ್ತಾರೆ. ಚಿಹ್ನೆ ಎಲ್ಲಿದೆ ಎಂಬುದೂ ಅದರ ಅರ್ಥದ ಒಂದು ಪಾಲು.

ಒಮ್ಮೆ ನೋಡಿ ಮಡಚಿಡುವ ಔಷಧಪತ್ರದಲ್ಲಿ ಹೊಸ ಚಿಹ್ನೆ ಕಲಿಸಲು ಸಮಯವೇ ಇಲ್ಲ.

ಬಿಡಿಚಿಹ್ನೆ:

ಒಪ್ಪಿದೆ, ಔಷಧಪತ್ರಕ್ಕೆ ಅದು ಹೊಂದುವುದಿಲ್ಲ. ಆದರೆ ‘ಎಲ್ಲರಿಗೂ ಗೊತ್ತಿರುವ’ ಗುರುತು ಎಂದು ಟಿಕ್ ಮತ್ತು ಇಂಟು ಹಾಕುವವರಿಗೆ ಒಂದು ಮಾತು. ಜಪಾನಿನಲ್ಲಿ ಸರಿಯುತ್ತರಕ್ಕೆ ವೃತ್ತ, ಟಿಕ್ ಬಿದ್ದರೆ ತಪ್ಪು ಎಂದೂ ಓದುತ್ತಾರೆ. ಸೋನಿ ಕಂಪನಿಯ ಆಟದ ಯಂತ್ರ ಪ್ಲೇಸ್ಟೇಷನ್‌ನಲ್ಲಿ ಅಲ್ಲಿ ವೃತ್ತದ ಗುಂಡಿ ಒಪ್ಪಿಗೆಗೆ, ಇಂಟು ರದ್ದಿಗೆ ಇತ್ತು, ಪಶ್ಚಿಮದಲ್ಲಿ ಉಲ್ಟಾ. 2020ರಲ್ಲಿ ಐದನೇ ಆವೃತ್ತಿ ಬಂದಾಗಲಷ್ಟೇ ಎಲ್ಲ ಕಡೆ ಇಂಟು ಒಪ್ಪಿಗೆಯಾಯಿತು. ಷೇರು ಪಟ್ಟಿಯಲ್ಲಿ ಚೀನಾ, ಜಪಾನ್‌ನಲ್ಲಿ ಕೆಂಪು ಎಂದರೆ ಏರಿಕೆ.

ಇಮೋಜಿ ಸೇರಿಸುವ ಯೋಚನೆ ಇದ್ದರೆ ಬಿಟ್ಟುಬಿಡಿ. 2016ರ ಒಂದು ಅಧ್ಯಯನದಲ್ಲಿ ಒಂದೇ ಇಮೋಜಿಯ ಒಂದೇ ಚಿತ್ರ ನೋಡಿದ ಇಬ್ಬರು ಅದು ಒಳ್ಳೆಯ ಭಾವವೋ ಕೆಟ್ಟದ್ದೋ ತಟಸ್ಥವೋ ಎಂಬುದರಲ್ಲೇ 25% ಸಲ ಒಪ್ಪಲಿಲ್ಲ. ಕಂಪ್ಯೂಟರಿನ ಅಕ್ಷರಗಳ ಮಾನಕವಾದ ಯೂನಿಕೋಡ್ ಇಮೋಜಿಗೆ ಹೆಸರು ಮತ್ತು ಸಂಖ್ಯೆ ಕೊಡುತ್ತದೆ, ಚಿತ್ರ ಬರೆಯುವುದು ಪ್ರತಿ ಕಂಪನಿ. 2016ರಲ್ಲಿ ಆಪಲ್ ಪಿಸ್ತೂಲನ್ನು ನೀರು ಚಿಮ್ಮಿಸುವ ಆಟಿಕೆಯಾಗಿ ಬದಲಿಸಿತು, ಬೇರೆ ದೊಡ್ಡ ಕಂಪನಿಗಳು ಬದಲಿಸಿದ್ದು 2018ರಲ್ಲಿ. ನಡುವಿನ ಕಾಲದಲ್ಲಿ ಒಬ್ಬರು ಕಳಿಸಿದ ಆಟಿಕೆ ಇನ್ನೊಬ್ಬರ ಪರದೆಯಲ್ಲಿ ನಿಜವಾದ ಪಿಸ್ತೂಲು.

ಕಿರುಟಿಪ್ಪಣಿ:

ಈ ಪತ್ರ ಜಾಲತಾಣದಲ್ಲೂ ಬರುವುದಾದರೆ ಕಣ್ಣಿಲ್ಲದವರಿಗೆ ಪರದೆಯಲ್ಲಿರುವುದನ್ನು ಓದಿ ಹೇಳುವ ತಂತ್ರಾಂಶಕ್ಕೆ ಚಿತ್ರದ ಬದಲು ಓದುವ ಪಠ್ಯ, ಅಂದರೆ ಬದಲಿ ಪಠ್ಯ ಬೇಕು. ‘ಗರ್ಭಿಣಿ, ಕೆಂಪು ವೃತ್ತ, ಅಡ್ಡಗೆರೆ’ ಎಂದು ಕಂಡದ್ದನ್ನು ಬರೆದರೆ ಕಣ್ಣಿಲ್ಲದವರಿಗೂ ಅದೇ ಗೊಂದಲವನ್ನು ದಾಟಿಸಿದಂತೆ. ‘ಗರ್ಭಿಣಿಯರು ಈ ಮಾತ್ರೆ ಸೇವಿಸಬಾರದು’ ಎಂದೇ ಬರೆಯಿರಿ. ಅದೇ ಚಿತ್ರವನ್ನು ಚಿತ್ರಕಲೆಯ ಪಾಠದಲ್ಲಿ ಬಳಸಿದರೆ ಬದಲಿ ಪಠ್ಯ ಬೇರೆಯಾಗುತ್ತದೆ, ಆಗ ಗೆರೆಯ ದಪ್ಪ, ಕೋನ ಹೇಳಬೇಕು.

ರೇಖೆಬಣ್ಣ:

ತಿದ್ದಿದ ಕರಡು ಹೀಗಿದೆ. ಕಾಗದದ ಒಂದು ಬದಿಯಲ್ಲಿ ಸೇವಿಸುವ ಕ್ರಮ, ಮೇಲಿನಿಂದ ಕೆಳಕ್ಕೆ 1, 2, 3. ಸೂರ್ಯನ ಪಕ್ಕ ಎರಡು ಮಾತ್ರೆ, ಚಂದ್ರನ ಪಕ್ಕ ಎರಡು ಮಾತ್ರೆ, ಪ್ರತಿಯೊಂದರ ಜೊತೆ ನೀರಿನ ಲೋಟ. ಕೆಳಗೆ ‘ಬೆಳಿಗ್ಗೆ 2. ರಾತ್ರಿ 2. ಒಟ್ಟು 4.’ ಇನ್ನೊಂದು ಬದಿಯಲ್ಲಿ ಮಾತ್ರೆ ಬಾಯಿಗೆ ಒಯ್ಯುತ್ತಿರುವ ಗರ್ಭಿಣಿ, ಅಡ್ಡಗೆರೆ, ‘ಹೊಟ್ಟೆಯಲ್ಲಿ ಮಗು ಇದ್ದರೆ ಈ ಮಾತ್ರೆ ತಿನ್ನಬಾರದು. ಮಗುವಿಗೆ ಹಾನಿ.’

ಪದಕೋಶ:

ಸಾಲುಗಳು ಗಟ್ಟಿಯಾಗಿವೆ. ‘ಹೊಟ್ಟೆಯಲ್ಲಿ ಮಗು ಇದ್ದರೆ’ ಎಂಬ ‘ಇದ್ದರೆ’ ಚಿತ್ರಕ್ಕೆ ಎಟುಕದ್ದು, ಅದನ್ನು ಪದಕ್ಕೆ ಕೊಟ್ಟದ್ದು ಸರಿ.

ಪರೀಕ್ಷಾವಿಧಿ:

ಮುಂದಿನ ಹತ್ತು ಜನರಲ್ಲಿ ಎರಡು ಕಡೆ ಕಿವಿಗೊಟ್ಟು ಕೇಳಿ. ಸೂರ್ಯನನ್ನು ತಲೆಯ ಮೇಲೆ ಬರೆದರೆ ಮಧ್ಯಾಹ್ನ ಎಂದೂ, ಮಾತ್ರೆಗೆ ತಾಗಿಸಿ ಬರೆದರೆ ‘ಬಿಸಿಲಿನಲ್ಲಿಡಿ’ ಎಂದೂ ಓದುವ ಸಾಧ್ಯತೆ ಇದೆ. ದಿಗಂತದ ಗೆರೆಯಿಂದ ಅರ್ಧ ಮೇಲೆದ್ದ ಸೂರ್ಯ, ಪಕ್ಕದಲ್ಲಿ ಹಾಸಿಗೆಯಿಂದ ಏಳುತ್ತಿರುವ ವ್ಯಕ್ತಿ ಇಟ್ಟು ನೋಡಿ. ಏಳುವ ವ್ಯಕ್ತಿ ಇಲ್ಲದಿದ್ದರೆ ಅರ್ಧ ಸೂರ್ಯ ಸಂಜೆಯೂ ಆಗಬಹುದು. ಲೋಟದ ನೀರಿನ ಮಟ್ಟಕ್ಕೂ ಮಾತ್ರೆಗೂ ನಡುವೆ ಜಾಗ ಬಿಡಿ. ತಾಗಿದಂತೆ ಕಂಡರೆ ಮಾತ್ರೆಯನ್ನು ನೀರಿನಲ್ಲಿ ಕರಗಿಸಬೇಕು ಎಂದುಕೊಳ್ಳುತ್ತಾರೆ.